ಚೆಕ್ ಬೌನ್ಸ್ ಫೈಲಿನಲ್ಲಿ ನಾನು ಮೊದಲು ನೋಡುವುದು ತಾರೀಖು

ಒಬ್ಬ ವಕೀಲ, ಒಬ್ಬ ಗುಮಾಸ್ತ ಇರುವ ಸಣ್ಣ ಕಚೇರಿಯಲ್ಲಿ 138ನೇ ಕಲಂ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಚೆಕ್ ಬೌನ್ಸ್ ಕಲಂ) ಪ್ರಕರಣ ಕೆಡುವುದು ವಾದದಲ್ಲಿ ಕಡಿಮೆ, ತಾರೀಖಿನಲ್ಲಿ ಜಾಸ್ತಿ. ಹಾಗಾಗಿ ಕಕ್ಷಿದಾರರು ಬಂದು ಕೂತ ಕೂಡಲೇ ಸಾಲದ ಕಥೆ ಕೇಳುವುದಿಲ್ಲ. ಚೆಕ್ಕು, ಬ್ಯಾಂಕಿನ ಹಿಂಬರಹ (ಚೆಕ್ ವಾಪಸಾದ ಕಾರಣ ತಿಳಿಸುವ ಚೀಟಿ) ಎರಡನ್ನೂ ತೆಗೆಸಿ, ಚೆಕ್ಕಿನ ತಾರೀಖು, ಬ್ಯಾಂಕಿಗೆ ಹಾಕಿದ್ದು, ವಾಪಸ್ ಬಂದದ್ದು ಬರೆದುಕೊಳ್ಳುತ್ತೇನೆ. ಚೆಕ್ಕಿಗೆ 3 ತಿಂಗಳ ಆಯಸ್ಸು. ದುಡ್ಡು ಕೊಡಿ ಎಂದು ಚೆಕ್ ಕೊಟ್ಟವರಿಗೆ ಕಳಿಸುವ ನೋಟಿಸಿನ ಗಡುವು ತಪ್ಪಿದ್ದರೂ ಆಯಸ್ಸು ಉಳಿದಿದ್ದರೆ ಇನ್ನೊಮ್ಮೆ ಹಾಕಿಸಿ ಹೊಸ ಲೆಕ್ಕ ಶುರುಮಾಡಬಹುದು.

ಮೂಲ ಚೆಕ್ಕಿಗೆ ಪಂಚಿಂಗ್, ಸ್ಟೇಪ್ಲರ್ ಎರಡೂ ನಿಷಿದ್ಧ. ಎರಡೂ ಬದಿ ಸ್ಕ್ಯಾನ್ ಮಾಡಿ ಲಕೋಟೆಗೆ ಹಾಕಿಡುತ್ತೇವೆ.

ನೋಟಿಸಿಗೆ ಮುಂಚೆ ತಪ್ಪದೆ ಕೇಳುವ ಪ್ರಶ್ನೆ: ‘ಚೆಕ್ ಕೊಟ್ಟ ಮೇಲೆ ಸ್ವಲ್ಪವಾದರೂ ದುಡ್ಡು ಕೊಟ್ಟಿದ್ದಾರಾ?’ ಇದನ್ನು ಕಕ್ಷಿದಾರರು ತಾವಾಗಿ ಹೇಳುವುದು ಅಪರೂಪ. 3 ಲಕ್ಷದ ಚೆಕ್ಕಿಗೆ 50,000 ಬಂದಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೇ ಹಾಕಿದ್ದರೆ ಪ್ರಕರಣ ನಿಲ್ಲುವುದಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನಾನು ಹಿಂಬರಹದ ತಾರೀಖಿನಿಂದಲೇ ಎಣಿಸುತ್ತೇನೆ; ತಿಳಿದದ್ದು ತಡವಾಗಿ ಎಂದರೆ ಅದನ್ನು ಸಾಬೀತು ಮಾಡುವ ಕೆಲಸ ಬೇರೆ ಬೀಳುತ್ತದೆ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಬೇಕು. ಬಡ್ಡಿ, ಖರ್ಚು ಕೇಳುವುದಾದರೆ ಬೇರೆ ಪ್ಯಾರಾ. ಎಲ್ಲ ಕೂಡಿಸಿ ಒಂದೇ ಅಂಕಿ ಬರೆದರೆ ಎದುರು ವಕೀಲರಿಗೆ ಪುಕ್ಕಟೆ ಅಸ್ತ್ರ. ಚೆಕ್ ಕಂಪನಿಯದಾದರೆ ಸಹಿ ಹಾಕಿದವರಿಗೆ ಮಾತ್ರವಲ್ಲ, ಕಂಪನಿಗೂ ನೋಟಿಸ್ ಕಳಿಸಿ, ಮುಂದೆ ಅದನ್ನೂ ಆರೋಪಿ ಮಾಡಬೇಕು.

ಅಂಚೆ ರಸೀದಿಯನ್ನು ಅದೇ ದಿನ ಜೆರಾಕ್ಸ್ ಮಾಡಿಸಬೇಕು. ಮೂಲದ ಅಕ್ಷರ ಬೇಗ ಮಾಸುತ್ತದೆ. ಟ್ರ್ಯಾಕಿಂಗ್ ಪುಟವನ್ನೂ ಬಟವಾಡೆಯಾದ ದಿನವೇ ಪ್ರಿಂಟ್ ತೆಗೆಯುತ್ತೇವೆ. ಲಕೋಟೆ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ವಾಪಸ್ ಬಂದರೆ ಒಡೆಯದೆ ಹಾಗೇ ಇಡಬೇಕು. ವಿಳಾಸ ಸರಿಯಿದ್ದರೆ ನೋಟಿಸ್ ಜಾರಿಯಾದಂತೆಯೇ ಎಂದು ವಾದಿಸಲು ಅದೇ ದಾಖಲೆ.

ಇನ್ನು ಎಣಿಕೆ. ನೋಟಿಸ್ ಜೂನ್ 13ಕ್ಕೆ ತಲುಪಿತು ಎನ್ನಿ. ದುಡ್ಡು ಕೊಡಲು ಅವರಿಗಿರುವ 15 ದಿನ ಜೂನ್ 28ಕ್ಕೆ ಮುಗಿಯುತ್ತದೆ. ವ್ಯಾಜ್ಯ ಕಾರಣ, ಅಂದರೆ ದೂರು ಹಾಕುವ ಹಕ್ಕು, 29ಕ್ಕೆ ಹುಟ್ಟುತ್ತದೆ, ಆ ದಿನ ಬಿಟ್ಟು ಒಂದು ತಿಂಗಳು: ಜುಲೈ 29 ಕೊನೆ. ನೋಟಿಸಿಗೆ 30 ದಿನ, ದೂರಿಗೆ ಒಂದು ಕ್ಯಾಲೆಂಡರ್ ತಿಂಗಳು. ಎರಡೂ ಒಂದೇ ಅಂದುಕೊಂಡರೆ ಫೆಬ್ರವರಿಯಲ್ಲಿ ಎಡವುತ್ತೀರಿ. ಆದರೂ ಮುನ್ನೆಚ್ಚರಿಕೆಗೆ ಡೈರಿಯಲ್ಲಿ ಜುಲೈ 15ನ್ನೇ ಕೊನೆ ದಿನ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ, ಗುಮಾಸ್ತರ ಡೈರಿಯಲ್ಲೂ. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಾ ಕೇಳಬಹುದು, ಸರಿ. ಆದರೆ ಪ್ರಕರಣಕ್ಕೆ ಮುಂಚೆ ಅದೊಂದು ಬೇರೆ ಹೋರಾಟ. ಆತುರವೂ ಅಷ್ಟೇ ಕೆಟ್ಟದ್ದು. 15 ದಿನ ಮುಗಿಯುವ ಮೊದಲೇ ಹಾಕಿದ ದೂರು ದೂರೇ ಅಲ್ಲ.

ಕಕ್ಷಿದಾರರು ಚೆಕ್ಕನ್ನು ತಮ್ಮ ಖಾತೆಗೆ ಹಾಕಿದ್ದರೆ ಖಾತೆಯಿರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು. 2015ರ ತಿದ್ದುಪಡಿ ಇದನ್ನು ಖಚಿತಪಡಿಸಿತು. ದೂರಿನ ಜೊತೆ ಪ್ರಮಾಣಪತ್ರ, ದಾಖಲೆ ಪಟ್ಟಿ, ವಕಾಲತ್ತು. ಪ್ರಮಾಣಪತ್ರದ ತಾರೀಖುಗಳನ್ನು ನಾನು ಓದುತ್ತೇನೆ, ಗುಮಾಸ್ತರು ಮೂಲ ದಾಖಲೆ ಹಿಡಿದು ಒಂದೊಂದಾಗಿ ತಾಳೆ ನೋಡುತ್ತಾರೆ. ಹಳೆಯ ಫೈಲಿನಿಂದ ಕಾಪಿ ಮಾಡಿದ ಚೆಕ್ ನಂಬರ್ ಹಾಗೇ ಉಳಿದುಬಿಡುವುದು ಇಲ್ಲೇ.

ಸಮನ್ಸ್ ಆದೇಶವಾದ ಮೇಲೆ ಮೈಮರೆಯುವುದು ಸುಲಭ. ಪ್ರೋಸೆಸ್ ಶುಲ್ಕ (ಸಮನ್ಸ್ ಕಳಿಸಲು ಕೋರ್ಟಿಗೆ ಕಟ್ಟುವ ಹಣ) ಕಟ್ಟದಿದ್ದರೆ ದೂರು ವಜಾ ಆಗಬಹುದು. ಆದೇಶದ ದಿನವೇ ಕಟ್ಟಿಸಿ, ರಸೀದಿಯನ್ನು ಫೈಲಿನ ಮೊದಲ ಪುಟಕ್ಕೇ ಸೇರಿಸಿಡುತ್ತೇವೆ.