ಹಳೇ ಬೀಟೆ ಪೆಟ್ಟಿಗೆಗೆ ಪೇಂಟ್ ಹೊಡೆಯುವ ಮೊದಲು

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಜಗಲಿಯ ಮಂಚ, ಕಪಾಟು, ಪೆಟ್ಟಿಗೆಗಳಿಗೆ ಒಂದು ಕೈ ಎನಾಮೆಲ್ ಹೊಡೆದುಬಿಡೋಣ ಎಂಬ ಮಾತು ಬರುತ್ತದೆ. ದಯವಿಟ್ಟು ಹೊಡೆಯಬೇಡಿ. ಪೇಂಟ್ ಮುಚ್ಚುವುದು ಮೇಲ್ಮೈಯನ್ನಷ್ಟೇ; ಕಾಲಿನ ಬುಡ, ಹಲಗೆಯ ಹಿಂಬದಿ, ಸಂದುಗಳಿಂದ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವ ಮರದ ಮೇಲೆ ಆ ಪದರ ಸಂದುಗಳಲ್ಲಿ ಬಿರಿಯುತ್ತದೆ, ಬಿರುಕಿನೊಳಗೆ ಇಳಿದ ನೀರು ಬೇಗ ಆರುವುದಿಲ್ಲ. ಕುಟ್ಟೆ ಹುಳದ ತೂತುಗಳೂ ಕಣ್ಣಿಗೆ ಬೀಳದಂತಾಗುತ್ತವೆ.

ಪೇಂಟ್ ಬದಲು ಶುಚಿ ಮಾಡಿ, ದುರಸ್ತಿ ಮಾಡಿ ಮೇಣ ಹಚ್ಚಿ. ಈ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ನಂತರ ಹಚ್ಚಿದ ಎಣ್ಣೆ ಸರಿಯಾಗಿ ಒಣಗದೆ ಅಂಟಂಟಾಗಿ ಉಳಿಯುತ್ತದೆ.

ಮೊದಲು ಮೇಲೆ ಯಾವ ಪಾಲಿಶ್ ಇದೆ ಎಂದು ತಿಳಿಯಬೇಕು. ಕಾಣದ ಜಾಗದಲ್ಲಿ ಸ್ಪಿರಿಟ್ (ಪಾಲಿಶ್ ಕೆಲಸದ ಮೆಥಿಲೇಟೆಡ್ ಸ್ಪಿರಿಟ್) ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಅಂಟಿ, ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್. ಏನೂ ಆಗದೆ ಥಿನ್ನರಿಗೆ ಮಾತ್ರ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದೆ, ಮೇಲೆ ಪದರವೂ ಕಾಣದಿದ್ದರೆ ಬಹುಶಃ ಬರೀ ಎಣ್ಣೆ ಕುಡಿದ ಮರ. ಶೆಲ್ಯಾಕ್ ಆಗಿದ್ದರೆ ಮುಂದೆ ಅದರ ಮೇಲೆ ಸ್ಪಿರಿಟ್ ಒರೆಸಿ ಸ್ವಚ್ಛ ಮಾಡುವ ಹಾಗಿಲ್ಲ, ಪಾಲಿಶ್ಶೇ ಎದ್ದು ಬರುತ್ತದೆ.

ಒಲೆಯ ಹೊಗೆ, ಜಿಡ್ಡು ಕೂತಿದ್ದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಸಾಕು. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಒಂದೊಂದೇ ಅಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ. ಕೆತ್ತನೆಯ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್. ಹಿತ್ತಾಳೆ ಚಿಲಕವನ್ನು ಮರದ ಮೇಲಿರುವಾಗ ಹುಣಸೆಹಣ್ಣಿನಿಂದ ತಿಕ್ಕಬೇಡಿ, ಸುತ್ತಲೂ ಕಲೆ ನಿಲ್ಲುತ್ತದೆ. ಸ್ಯಾಂಡ್‌ಪೇಪರ್ ಅಂತೂ ಮುಟ್ಟಲೇಬೇಡಿ. ಬೀಟೆ, ಸಾಗುವಾನಿಗೆ ಹತ್ತಾರು ವರ್ಷದಲ್ಲಿ ಬಂದ ಬಣ್ಣ ಮೇಲಿನ ತೆಳು ಪದರದಲ್ಲಿದೆ. ಉಜ್ಜಿದರೆ ಹೋಯಿತು, ಮತ್ತೆ ತರಲಾಗದು.

ಬಿಸಿ ಕಾಫಿ ಲೋಟ ಇಟ್ಟಲ್ಲಿ ಮೂಡುವ ಬಿಳಿ ಬಳೆ ಸಾಮಾನ್ಯವಾಗಿ ಮರದಲ್ಲಿರುವುದಿಲ್ಲ, ಶೆಲ್ಯಾಕ್ ಪದರದೊಳಗೆ ಸಿಕ್ಕಿಕೊಂಡ ತೇವ ಅದು. ಹತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನಾಲ್ಕೈದು ಹನಿ ಸ್ಪಿರಿಟ್ ಹಾಕಿ, ಅಂಗೈಗೆ ತಟ್ಟಿ ನೋಡಿ. ತಣ್ಣಗೆನಿಸಬೇಕು, ಒದ್ದೆಯಾಗಬಾರದು. ಬಳೆಯ ಮೇಲೆ ಹಗುರಾಗಿ ಬೀಸಿಕೊಂಡು ಹೋಗಿ, ಎಲ್ಲೂ ನಿಲ್ಲಿಸಬೇಡಿ. ನಿಂತಲ್ಲಿ ಗಂಟು ಅಂಟಿ ಪಾಲಿಶ್ ಕಿತ್ತು ಬರುತ್ತದೆ. ಕಪ್ಪು ಕಲೆಯಾದರೆ ಮರದೊಳಗೇ ಇಳಿದಿದೆ ಎಂದರ್ಥ. ಅದನ್ನು ಬಿಡುವುದೇ ಒಳ್ಳೆಯದು.

ಕುಟ್ಟೆ ಹುಳ ಹೆಚ್ಚಾಗಿ ಹಿಡಿಯುವುದು ಚೇಗಿಗಲ್ಲ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕಲ್ಲ, ಹೊರಗಿನ ಬಿಳಿ ಭಾಗಕ್ಕೆ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎನ್ನಲಾಗದು. ಧೂಳೆಲ್ಲ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಡಿ. ಗೋಧಿಹಿಟ್ಟಿನಂಥ ಪುಡಿ ಮತ್ತೆ ಬಿದ್ದಿದ್ದರೆ ಹುಳ ಬದುಕಿರುವ ಸಾಧ್ಯತೆಯೇ ಹೆಚ್ಚು. ಹಾರ್ಡ್‌ವೇರ್ ಅಂಗಡಿಯ ಮರದ ಹುಳದ ಔಷಧಿಯನ್ನು ಕೈಗವಸು ಹಾಕಿಕೊಂಡು ಸಿರಿಂಜಿನಿಂದ ಪ್ರತಿ ತೂತಿಗೂ ಬಿಡಿ. ಪಾಲಿಶ್ ಇಲ್ಲದ ತಳಕ್ಕೆ, ಹಿಂಬದಿಗೆ ಒಂದು ಲೀಟರ್ ಬಿಸಿನೀರಿನಲ್ಲಿ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಹಚ್ಚಬಹುದು. ಪಾಲಿಶ್ ಇದ್ದಲ್ಲಿ ಇದು ಒಳಗೆ ಇಳಿಯುವುದಿಲ್ಲ. ಮಕ್ಕಳ ಕೈಗೆ, ಆಹಾರ ಇಡುವ ಜಾಗಕ್ಕೆ ತಾಗಬಾರದು.

ಅಲ್ಲಾಡುವ ಕುರ್ಚಿಗೆ ಕಬ್ಬಿಣದ ಮೊಳೆ ಹೊಡೆಯುವುದು ದೊಡ್ಡ ತಪ್ಪು. ಒಣಗಿದ ಗಟ್ಟಿ ಮರ ಸೀಳುತ್ತದೆ, ಮೊಳೆ ತುಕ್ಕು ಹಿಡಿದು ಸುತ್ತ ಕಪ್ಪಾಗುತ್ತದೆ. ಹಳೇ ಸಂದುಗಳಲ್ಲಿ ಹೆಚ್ಚಾಗಿ ಇರುವುದು ಮರವಜ್ರ ಎಂಬ ಬಡಗಿಯ ಅಂಟು; ಬಿಸಿನೀರಿನ ಬಟ್ಟೆ ಸುತ್ತಿದರೆ ಬಿಡುತ್ತದೆ. ಕೆರೆದು ಶುಚಿ ಮಾಡಿ, ಪೂರ್ತಿ ಒಣಗಿಸಿ, ಹೊಸ ಅಂಟು ಹಾಕಿ ಹಗ್ಗದಿಂದ ಬಿಗಿದು ಒಂದು ದಿನ ಬಿಡಿ.

ಕೊನೆಗೆ ಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 100 ಗ್ರಾಂ ಜೇನುಮೇಣ ಕರಗಿಸಿ. ಒಲೆಯಿಂದ ದೂರ, ಅಂಗಳಕ್ಕೆ ತಂದು 300 ಮಿಲಿ ಟರ್ಪೆಂಟೈನ್ ಬೆರೆಸಿ. ಬೆಂಕಿಯ ಹತ್ತಿರ ಬೆರೆಸಿದರೆ ಹೊತ್ತಿಕೊಳ್ಳುತ್ತದೆ. ತಣಿದ ಮೇಲೆ ಬೆಣ್ಣೆಯ ಹದಕ್ಕೆ ಬರಬೇಕು. ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು, ಹಳೇ ಪಂಚೆಯಿಂದ ಮರದ ಎಳೆಯ ನೇರಕ್ಕೆ ತಿಕ್ಕಿ. ಬೆರಳಿಟ್ಟರೆ ಗುರುತು ಉಳಿಯುತ್ತದೆಯೇ? ಮೇಣ ಹೆಚ್ಚಾಗಿದೆ, ಇನ್ನೂ ತಿಕ್ಕಬೇಕು. ವರ್ಷಕ್ಕೊಮ್ಮೆ ಸಾಕು. ಕೊಬ್ಬರಿ ಎಣ್ಣೆ ಬೇಡ. ಅದು ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಕಮಟುತ್ತದೆ. ಬರೀ ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.

ಇದೇ ಮೇಣವನ್ನು ಕಾಲುಗಳ ಬುಡಕ್ಕೂ ಹಚ್ಚಿ, ನೆಲ ಒರೆಸಿದ ನೀರು ಹೀರುವುದು ಅಲ್ಲಿಂದಲೇ. ಕೆಳಗೆ ಕಲ್ಲಿನ ಬಿಲ್ಲೆ ಇಟ್ಟು, ಗೋಡೆಯಿಂದ ಮೂರು ಇಂಚು ದೂರವಿರಿಸಿ. ಮಳೆಗಾಲದಲ್ಲಿ ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆರೆದಿಡಿ. ಬೂಷ್ಟು ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಾಚೆ ಒಯ್ದು ಒಣ ಬ್ರಷ್ಷಿನಿಂದ ತೆಗೆಯಿರಿ.

ಈಗಾಗಲೇ ಪೇಂಟ್ ಆಗಿದ್ದರೆ? ಮನೆಯ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪೇಂಟನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಪೇಂಟ್ ತೆಗೆಯಲು ಕಾಸ್ಟಿಕ್ ಸೋಡಾ ಬೇಡ, ಅದು ಮರವನ್ನು ಕಪ್ಪಾಗಿಸುತ್ತದೆ. ಪೇಂಟ್ ರಿಮೂವರ್ ಹಾಕಿ, ಹಿಂಬದಿಯಲ್ಲಿ ಅಂಗೈಯಗಲ ಮಾತ್ರ ತೆಗೆದು ನೋಡಿ. ಬೀಟೆಯ ಕಪ್ಪು ಗೆರೆ ಕಂಡರೆ ಮುಂದುವರಿಸಿ. ತೇಪೆ, ಪುಟ್ಟಿಯೇ ಕಂಡರೆ ಪೇಂಟ್ ಹಾಗೇ ಇರಲಿ.