ದೋಣಿ ಟ್ರೇಲರ್‌ನ ಬಂಕ್ ಹಲಗೆ ನಾನೇ ಬದಲಿಸಿದೆ

ಮಿನೆಸೋಟಾದ ನಮ್ಮ ಕಡೆ ಕೆರೆಗಳ ಮೇಲಿನ ಮಂಜುಗಡ್ಡೆ ಕರಗುವುದು ಹೆಚ್ಚು ಕಡಿಮೆ ಏಪ್ರಿಲ್‌ನಲ್ಲಿ. ವಾಲೈ ಮೀನಿನ ಹಂಗಾಮು ಶುರುವಾಗುವುದು ಮೇ ತಿಂಗಳಲ್ಲಿ. ನಡುವೆ ಸಿಗುವ ಕೆಲವೇ ವಾರಗಳಲ್ಲಿ ದೋಣಿ, ಮೋಟಾರ್, ಟ್ರೇಲರ್ ಎಲ್ಲವನ್ನೂ ಸಿದ್ಧ ಮಾಡಿಕೊಳ್ಳಬೇಕು. ಕಳೆದ ವರ್ಷ ಆ ವಾರಗಳೆಲ್ಲ ಬಂಕ್ ಹಲಗೆಗೇ ಹೋದವು.

ನನ್ನದು 16 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ. ಅದು ಟ್ರೇಲರ್ ಮೇಲೆ ಕೂರುವುದು ಎರಡು ಉದ್ದ ಹಲಗೆಗಳ ಮೇಲೆ. ಹಲಗೆಗೆ ಕಾರ್ಪೆಟ್ ಸುತ್ತಿರುತ್ತದೆ. ಇದನ್ನೇ ಬಂಕ್ ಅನ್ನುವುದು. ನಾನು ಬೆಳೆದ ಕುಂದಾಪುರದ ಕಡೆ ದೋಣಿಯನ್ನು ದಡಕ್ಕೆ ಎಳೆದರೆ ಅಡಿಗೆ ಮರದ ತುಂಡು ಕೊಡುತ್ತಾರಲ್ಲ, ಇದೂ ಅದೇ ಲೆಕ್ಕ. ವರ್ಷದಲ್ಲಿ ನನ್ನ ದೋಣಿ ನೀರಲ್ಲಿ ಇರುವುದು ಹೆಚ್ಚೆಂದರೆ 30 ದಿನ. ಉಳಿದ ದಿನವೆಲ್ಲ ಈ ಹಲಗೆಗಳ ಮೇಲೇ.

ಕಾರ್ಪೆಟ್ ಹರಿದಿದೆ, ಅದನ್ನು ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ಸ್ಕ್ರೂಡ್ರೈವರ್ ತುದಿಯಿಂದ ಹಲಗೆ ಒತ್ತಿ ನೋಡಿದೆ. ಹಿಂಭಾಗದಲ್ಲಿ ಅರ್ಧ ಇಂಚು ಸಲೀಸಾಗಿ ಒಳಗೆ ಹೋಯಿತು. ಇನ್ನೂ ಒಂದು ತಪ್ಪು ಕಂಡಿತು. ಯಾರೋ ಹಿಂದೆ ಕೊಳೆತ ತುದಿಯನ್ನು ಕತ್ತರಿಸಿ ಬಿಟ್ಟಿದ್ದರು. ಹಾಗಾಗಿ ಟ್ರಾನ್ಸಮ್, ಅಂದರೆ ಮೋಟಾರ್ ಕೂರುವ ಹಿಂದಿನ ಗೋಡೆ, ಇನ್ನೂ ನಾಲ್ಕು ಇಂಚು ಇರುವಾಗಲೇ ಹಲಗೆ ಮುಗಿದಿತ್ತು. ಮೋಟಾರಿನ ಭಾರವೆಲ್ಲ ಆಧಾರವಿಲ್ಲದೆ ಜೋತಾಡುತ್ತಿತ್ತು. ಹಾಗೇ ಬಿಟ್ಟರೆ ವರ್ಷಗಳು ಕಳೆದಂತೆ ದೋಣಿಯ ತಳವೇ ಬಾಗುತ್ತದೆ. ಬಾಗಿದ ತಳವಿದ್ದರೆ ದೋಣಿ ನೀರಲ್ಲಿ ನೆಟ್ಟಗೆ ಓಡುವುದಿಲ್ಲ.

ದೋಣಿಯನ್ನು ಪೂರ್ತಿ ಇಳಿಸಲಿಲ್ಲ. ಮೋಟಾರ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮೊದಲು ತೆಗೆದೆವು. ಸಹಾಯಕ್ಕೆ ಬಂದಿದ್ದು ಮಂಗಳೂರಿನ ಗೆಳೆಯ. ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟೆವು. ಟ್ರೇಲರ್‌ನ ಮುಂದಿನ ತುದಿಯನ್ನು ಅದರ ಜಾಕ್‌ನಿಂದ ಪೂರ್ತಿ ಕೆಳಗಿಳಿಸಿದರೆ ಹಿಂಭಾಗ ಮೇಲೇಳುತ್ತದೆ. ಆಗ ಟ್ರಾನ್ಸಮ್ ಅಡಿಗೆ ಒಂದು ದಪ್ಪ ತೊಲೆ ಅಡ್ಡ ಇಟ್ಟು, ತೊಲೆಯ ಎರಡು ತುದಿಗೂ ಜಾಕ್ ಸ್ಟ್ಯಾಂಡ್, ಅಂದರೆ ಭಾರ ಹೊರುವ ಕಬ್ಬಿಣದ ಕಾಲು, ಕೊಟ್ಟೆವು. ಮತ್ತೆ ಮುಂದಿನ ತುದಿ ಎತ್ತಿದೆವು. ಟ್ರೇಲರ್‌ನ ಹಿಂಭಾಗ ಕೆಳಗಿಳಿಯಿತು, ದೋಣಿ ತೊಲೆಯ ಮೇಲೇ ಉಳಿಯಿತು. ಮೂತಿಯ ಕಡೆಯೂ ಹೀಗೇ ಮರದ ತುಂಡಿಟ್ಟು ಸ್ವಲ್ಪ ಎತ್ತಿದೆವು. ಮೂರು ಇಂಚು ಸಂದು ಸಿಕ್ಕಿತು, ಅಷ್ಟು ಸಾಕು. ಗೆಳೆಯ ಪಕ್ಕದಲ್ಲಿದ್ದ ಕಾಂಕ್ರೀಟ್ ಬ್ಲಾಕ್ ತರಲು ಹೊರಟಿದ್ದ. "ಬೇಡ ಮಾರಾಯ, ಅದು ಒಳಗೆ ಟೊಳ್ಳು, ಒಮ್ಮೆಲೇ ಒಡೆದು ಹೋಗ್ತದೆ" ಅಂದೆ. ಆಧಾರ ಎಷ್ಟೇ ಗಟ್ಟಿ ಅನಿಸಿದರೂ ದೋಣಿಯ ಅಡಿಗೆ ತಲೆ ಹಾಕಬೇಡಿ. ಕೈ ಮಾತ್ರ ಹೋಗಲಿ.

ಹಳೆ ಹಲಗೆ ತೆಗೆದ ಮೇಲೆ ಟಾರ್ಚ್ ಹಿಡಿದು ತಳ ನೋಡಿದೆ. ಹಲಗೆ ತಾಗುತ್ತಿದ್ದ ಉದ್ದಕ್ಕೂ ಬಿಳಿ ಪುಡಿ. ಒರೆಸಿದರೆ ಅಡಿಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸಣ್ಣ ಸಣ್ಣ ಗುಳಿಗಳು. ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಹಲಗೆಯ ಒಳಭಾಗ ಹಸಿರು ಬಣ್ಣ ಇತ್ತು. ಅದು ಕೊಳೆಯದಂತೆ ಔಷಧ ಹಾಕಿದ ಮರ. ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಹಳೆ ಔಷಧ ಹಾಕುವುದು 2003ರ ಕೊನೆಗೆ ನಿಂತಿತು. ಅದರ ಬದಲು ಬಂದ ಔಷಧಗಳಲ್ಲಿ ತಾಮ್ರ ಜಾಸ್ತಿ. ತಾಮ್ರ, ಅಲ್ಯೂಮಿನಿಯಂ, ನಡುವೆ ಒದ್ದೆ ಕಾರ್ಪೆಟ್. ಮೂರೂ ಸೇರಿದರೆ ಒಂದು ಪುಟ್ಟ ಬ್ಯಾಟರಿ ಆದ ಹಾಗೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಹೆಚ್ಚು ವರ್ಷ ಬಾಳುವ ಮರವೇ ದೋಣಿಯನ್ನು ತಿನ್ನುತ್ತಿತ್ತು ಅಂದರೆ ನಂಬಿ. ಫೈಬರ್‌ಗ್ಲಾಸ್ ದೋಣಿಗೆ ಈ ತೊಂದರೆ ಇಲ್ಲ. ಕೆಲವು ಹೊಸ ಬಗೆಯ ಮರಕ್ಕೆ ಅಲ್ಯೂಮಿನಿಯಂ ತಾಗಿದರೂ ಪರವಾಗಿಲ್ಲ ಅಂತ ಬರೆದಿರುತ್ತದೆ. ಒದ್ದೆ ಕಾರ್ಪೆಟ್ ಒಳಗೆ ಆ ಮಾತನ್ನು ಪರೀಕ್ಷೆ ಮಾಡುವ ಮನಸ್ಸು ನನಗಿರಲಿಲ್ಲ.

ಗುಳಿಗಳು ಆರಪಾರ ಹೋಗಿರಲಿಲ್ಲ. ನೈಲಾನ್ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ, ಅಲ್ಯೂಮಿನಿಯಂಗೆ ಹಚ್ಚುವ ಎಪಾಕ್ಸಿ ಪ್ರೈಮರ್ ಎರಡು ಸಲ ಹಚ್ಚಿದೆ. ಕಬ್ಬಿಣದ ಬ್ರಷ್ ಮುಟ್ಟಲಿಲ್ಲ. ಅದರ ಚೂರು ಸಿಕ್ಕಿಕೊಂಡರೆ ಅಲ್ಲಿ ಮತ್ತೆ ತುಕ್ಕು.

ಹೊಸದಕ್ಕೆ ಔಷಧ ಹಾಕದ ಡಗ್ಲಾಸ್ ಫರ್ ಅನ್ನುವ, ಪೈನ್ ಕುಟುಂಬದ ಮರ ತಂದೆ. ಎರಡು-ನಾಲ್ಕು ಅಂತ ಕರೆಯುತ್ತಾರೆ, ಅಳೆದರೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಅಂಗಡಿಯಲ್ಲಿ ರಾಶಿಯನ್ನೇ ಕೆದಕಿ, ಗಂಟಿಲ್ಲದ, ಕಣ್ಣಿಟ್ಟು ನೋಡಿದರೆ ನೆಟ್ಟಗಿರುವ ಎರಡನ್ನು ಆರಿಸಿದೆ. ತೂತು ಕೊರೆಯುವುದು ಮೊದಲು, ಎಣ್ಣೆ ಆಮೇಲೆ. ಆಗ ತೂತಿನ ಒಳಗೂ ಎಣ್ಣೆ ಹೋಗುತ್ತದೆ. ಬೋಲ್ಟ್ ತಲೆ ಮರದ ಮೇಲ್ಮೈಗಿಂತ ಕಾಲು ಇಂಚು ಕೆಳಗೆ ಕೂರುವಂತೆ ಅಗಲದ ಗುಂಡಿ ಕೊರೆದೆ. ಕಾರ್ಪೆಟ್ ಸವೆದ ದಿನ ಆ ತಲೆ ದೋಣಿಗೆ ತಾಗಬಾರದು, ಅಲ್ವಾ?

ಹಚ್ಚಿದ್ದು ಅಂಗಡಿಯಲ್ಲಿ "ಬಾಯ್ಲ್ಡ್ ಲಿನ್‌ಸೀಡ್" ಹೆಸರಲ್ಲಿ ಸಿಗುವ ಅಗಸೆ ಎಣ್ಣೆ. ಮೊದಲ ಕೋಟ್ ದಪ್ಪ ಹಚ್ಚಿದೆ. ಗ್ಯಾರೇಜಿನ ಚಳಿಗೆ ನಾಲ್ಕು ದಿನವಾದರೂ ಅಂಟಂಟಾಗೇ ಇತ್ತು. ಆಮೇಲಿನ ಎರಡು ಕೋಟ್ ತೆಳ್ಳಗೆ ಹಚ್ಚಿ ಬಟ್ಟೆಯಿಂದ ಒರೆಸಿದೆ. ತುದಿಗಳಿಗೆ ಮಾತ್ರ ಕುಡಿಯುವಷ್ಟು ಕುಡಿಸಿದೆ, ಮರ ನೀರು ಹೀರುವುದು ಅಲ್ಲಿಂದಲೇ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಿದೆ.

ಕಾರ್ಪೆಟ್‌ಗೆ ಹಿಂದೆ ರಬ್ಬರ್ ಇರಬಾರದು, ಇದ್ದರೆ ನೀರು ಇಳಿಯುವುದಿಲ್ಲ. 9 ಇಂಚು ಅಗಲಕ್ಕೆ ಕತ್ತರಿಸಿದೆ. ಮೇಲ್ಭಾಗ, ಎರಡು ಪಕ್ಕ ಸುತ್ತಿ, ಅಡಿಗೆ ಎರಡೂ ಕಡೆ ಒಂದಿಷ್ಟು ಮಡಚಲು ಸರಿಹೋಯಿತು. ಅಡಿಯಲ್ಲಿ ನಡುವೆ ಒಂದು ಇಂಚು ಬೇಕಂತಲೇ ಖಾಲಿ ಬಿಟ್ಟೆ, ಮರ ಒಣಗಲಿ ಅಂತ. ಸ್ಟೇಪಲ್ ಎಲ್ಲ ಸ್ಟೇನ್‌ಲೆಸ್, ಹೊಡೆದಿದ್ದು ಅಡಿಗೆ ಮಾತ್ರ. ಕಾರ್ಪೆಟ್ ಬದಲು ಪ್ಲಾಸ್ಟಿಕ್ ಪಟ್ಟಿ ಹಾಕು ಅಂತ ಒಬ್ಬರು ಹೇಳಿದ್ದರು. ಅದರ ಮೇಲೆ ದೋಣಿ ತುಂಬಾ ಸಲೀಸಾಗಿ ಜಾರುತ್ತದೆ. ಇಳಿಜಾರಿನಲ್ಲಿ ನೀರು ಮುಟ್ಟುವ ಮೊದಲೇ ವಿಂಚ್ ಪಟ್ಟಿ, ಅಂದರೆ ದೋಣಿಯ ಮೂತಿಯನ್ನು ಟ್ರೇಲರ್‌ಗೆ ಹಿಡಿದಿಡುವ ಪಟ್ಟಿ, ಬಿಚ್ಚಿದರೆ ದೋಣಿ ಕಾಂಕ್ರೀಟ್ ಮೇಲೆ ಬೀಳುತ್ತದೆ. ನನ್ನ ಜೊತೆ ಮಕ್ಕಳು ಬರುತ್ತಾರೆ, ಹಾಗಾಗಿ ಬೇಡ ಅಂದೆ.

ಜೋಡಿಸುವಾಗ ಹಲಗೆಯನ್ನು ಟ್ರಾನ್ಸಮ್‌ಗಿಂತ ಒಂದು ಇಂಚು ಹಿಂದಕ್ಕೆ ಚಾಚಿಸಿದೆ. ನಟ್‌ಗಳನ್ನು ಕೈಯಲ್ಲೇ ತಿರುಗಿಸಿ ಸಡಿಲ ಬಿಟ್ಟು, ದೋಣಿ ಇಳಿಸಿ, ಬ್ರಾಕೆಟ್‌ಗಳು ತಳದ ಓರೆಗೆ ತಾವೇ ಹೊಂದಿಕೊಂಡ ಮೇಲೆ ಬಿಗಿ ಮಾಡಿದೆ.

ಎರಡನೇ ಸಲ ಕೆರೆಗೆ ಹೋಗಿ ಬಂದ ಮೇಲೆ ಸ್ಪ್ಯಾನರ್ ಹಾಕಿ ನೋಡಿದರೆ ಮೂರು ನಟ್ ಕಾಲು ಸುತ್ತು ತಿರುಗಿದವು. ಮರ ಅದುಮಿಕೊಂಡಿತ್ತು. ಅಕ್ಟೋಬರ್‌ನಲ್ಲಿ ಹಿಂಭಾಗ ಎತ್ತಿ ಅದೇ ಟಾರ್ಚ್ ಹಿಡಿದೆ. ಪ್ರೈಮರ್ ಮೇಲೆ ಕಾರ್ಪೆಟ್‌ನ ನೂಲಿನ ಗುರುತು ಇತ್ತು. ಬಿಳಿ ಪುಡಿ ಎಲ್ಲೂ ಇರಲಿಲ್ಲ.