ತೋಪು ಮಾರ್ತೀವಿ ಅಂದ್ರೆ ಏನು ಮಾಡ್ತೀರಿ?

ವಿಜಯಪುರದ ನಮ್ಮ ಮನೆ ಮಾಳಿಗೆ ಮೇಲೆ ಭಾನುವಾರ ಸಂಜೆ ಐದು ಜನ ಸೇರುತ್ತೇವೆ. ನಡುವೆ ಒಂದು ಬುಟ್ಟಿ ಚುರುಮರಿ, ಪೆನ್ಸಿಲ್ಲು, ಇಪ್ಪತ್ತು ಮುಖದ ದಾಳ. ಆಡುವುದು 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಗೇಮ್ ಮಾಸ್ಟರ್ ಕಥೆ ನಡೆಸುತ್ತಾನೆ. ಉಳಿದವರದು ಒಂದೊಂದು ಪಾತ್ರ. ಆ ಪಾತ್ರ ಏನು ಮಾಡುತ್ತದೆ ಅಂತ ಅವರವರೇ ಹೇಳಬೇಕು. ತೊಂದರೆ ಶುರುವಾಗುವುದೇ ಇಲ್ಲಿ.

ಮೂರು ರಾತ್ರಿ ಕೂತು ನಾನು ಆದಿಲ್‌ಶಾಹಿ ಕಾಲದ ಕಥೆ ಕಟ್ಟಿದ್ದೆ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೂಢಚಾರ ಪಿಸುಗುಟ್ಟಬೇಕು, ಆಚೆ ಬದಿ ನಿಂತವರಿಗೆ ಅದು ಕೇಳಬೇಕು. ಹತ್ತೇ ನಿಮಿಷಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನು ಅಂದ: “ಅಣ್ಣಾ, ಗುಮ್ಮಟಕ್ಕ ಯಾರ ಹೋಗ್ತಾರ? ನಾವು ಮಲಿಕ್-ಎ-ಮೈದಾನ್ ತೋಪ ಮಾರ್ತೀವಿ.” ಅಂದರೆ ನಮ್ಮೂರ ಕೋಟೆ ಬುರುಜಿನ ಮೇಲಿರುವ ಹಳೇ ಫಿರಂಗಿ.

ಮೊದಲು, ಯಾಕೆ ಅಂತ ಕೇಳಿ

“ಕಾವಲುಗಾರರು ಬಿಡೋದಿಲ್ಲ” ಅಂದುಬಿಟ್ಟೆ. ತಪ್ಪಾಯಿತು. ಅವರು ಇನ್ನೊಂದು ದಾರಿ ಹುಡುಕಿದರು, ಅಲ್ಲೂ ನನ್ನ ಕಾವಲುಗಾರರು. ಸ್ವಲ್ಪ ಹೊತ್ತಿಗೆ ಒಬ್ಬ ಮೊಬೈಲ್ ತೆಗೆದ. ರೇಲ್‌ರೋಡಿಂಗ್ ಅನ್ನುವುದು ಇದಕ್ಕೇ. ನಾವು ಹಾಕಿದ ಹಳಿ ಬಿಟ್ಟು ಯಾರೂ ಕೆಳಗೆ ಇಳಿಯುವ ಹಾಗಿಲ್ಲ!

ಕೊನೆಗೆ ಕೇಳಿದೆ: “ತೋಪ ಮಾರಿ ಏನ್ ಮಾಡ್ತೀಯೋ ತಮ್ಮಾ?”

“ನಮ್ಮಪ್ಪನ ಸಾಲ ಹರೀಬೇಕಲ್ಲ ಅಣ್ಣಾ. ಮೊದಲನೇ ವಾರ ನೀನ ಹೇಳಿದ್ದಿ.”

ಹೌದು, ಅವನ ಪಾತ್ರದ ಅಪ್ಪನಿಗೆ ಸಾಲ ಇದೆ ಅಂತ ನಾನೇ ಬರೆದಿದ್ದೆ. ಮರೆತೂಬಿಟ್ಟಿದ್ದೆ. ಕಥೆ ಬಿಟ್ಟು ಹೋದವನು ಅವನಲ್ಲ. ದೊಡ್ಡಾಟದ ಸಾರಥಿ ಪಾತ್ರಧಾರಿಯನ್ನು ಪ್ರಶ್ನೆ ಕೇಳಿ ಕೇಳಿಯೇ ಮಾತಾಡಿಸುತ್ತಾನಲ್ಲ, ಗೇಮ್ ಮಾಸ್ಟರ್ ಕೆಲಸವೂ ಜಾಸ್ತಿ ಅದೇ.

ಆಮೇಲೆ, ಹೂಂ ಅನ್ನಿ, ಆದರೆ ಬೆಲೆ ಹೇಳಿ

ತೋಪಿನ ತೂಕ ಸುಮಾರು 55 ಟನ್. ನಾಲ್ಕು ಜನ ಎಳೆಯುತ್ತೇವೆ ಅಂದರೆ ದಾಳ ಕೊಡಲೇಬೇಡಿ. ಇಪ್ಪತ್ತು ಬಿದ್ದರೂ ಅದು ಅಲ್ಲಾಡುವುದಿಲ್ಲ. ಆಗಬಹುದು, ಆಗದೆಯೂ ಇರಬಹುದು ಅನ್ನುವ ಕೆಲಸಕ್ಕೆ ಮಾತ್ರ ದಾಳ. ಈ ಆಟದ ಐದನೇ ಆವೃತ್ತಿಯಲ್ಲಿ ಸುಲಭದ ಕೆಲಸಕ್ಕೆ 10, ನಡುತರದ್ದಕ್ಕೆ 15, ಕಷ್ಟದ್ದಕ್ಕೆ 20 ದಾಟಿಸಬೇಕು ಅಥವಾ ಮುಟ್ಟಿಸಬೇಕು. ಗಿರಾಕಿ ಹುಡುಕಲು ನಾನು 15 ಇಟ್ಟೆ. 17 ಬಿತ್ತು.

ಗಿರಾಕಿ ಬಂದ, 150 ರೂಪಾಯಿ ಅಂದ, ಮರುದಿನ ವ್ಯಾಪಾರ ಮುರಿದ. ಇದನ್ನು ನಾನು ಸುಮ್ನೆ ಹುಟ್ಟಿಸಿದ್ದಲ್ಲ. 1854ರಲ್ಲಿ ಈ ತೋಪು ನಿಜವಾಗಿಯೂ 150 ರೂಪಾಯಿಗೆ ಹರಾಜಾಗಿ, ಆಮೇಲೆ ಆ ಹರಾಜು ರದ್ದಾಗಿತ್ತು. ಆಟ ಮುಗಿದ ಮೇಲೆ ಹೇಳಿದರೆ ಒಬ್ಬನೂ ನಂಬಲಿಲ್ಲ.

ಸಾಮಾನು ಹೊತ್ತು ಅವರ ಹಿಂದೆ ಹೋಗಿ

ಅವರು ಗುಮ್ಮಟಕ್ಕೆ ಬರದಿದ್ದರೆ ಗೂಢಚಾರನೇ ತೋಪಿರುವ ಶೇರ್ಜಾ ಬುರುಜಿಗೆ ಬರಲಿ. ಆ ಗಿರಾಕಿಯೇ ಗೂಢಚಾರ ಅಂತ ಅಲ್ಲೇ ತೀರ್ಮಾನಿಸಿದೆ. ತೋಪಿನ ಬಾಯಿ ಸಿಂಹದ ತಲೆಯ ಹಾಗಿದೆ, ಹಲ್ಲುಗಳ ನಡುವೆ ಸಣ್ಣ ಆನೆ ಸಿಕ್ಕಿಕೊಂಡಿದೆ. ಗುಟ್ಟಿನ ಪತ್ರವನ್ನು ಆ ಬಾಯೊಳಗೆ ತುರುಕಿದೆ. ಗ್ಯಾಲರಿಯ ದೃಶ್ಯ ಹಾಗೇ ಉಳಿದಿದೆ, ಮುಂದೆ ಬೇಕಾಗುತ್ತದೆ. ಆದರೆ ಪ್ರತಿ ವಾರ ಹೀಗೆ ಮಾಡಬೇಡಿ. ಯಾವ ಕಡೆ ಹೋದರೂ ಅದೇ ಮನುಷ್ಯ ಸಿಕ್ಕರೆ ಆಟಗಾರರಿಗೆ ವಾಸನೆ ಹತ್ತುತ್ತದೆ.

ಅದಕ್ಕೇ ಈಗ ನಾನು ದೃಶ್ಯ ಬರೆಯುವುದು ಕಡಿಮೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹತ್ತು ಹೆಸರು ಇಟ್ಟಿರುತ್ತೇನೆ. ಒಬ್ಬೊಬ್ಬರಿಗೆ ಏನು ಬೇಕು, ಯಾರ ಹೆದರಿಕೆ, ಅಷ್ಟೇ. ಅದೂ ಕೈಕೊಟ್ಟರೆ “ಹತ್ತು ನಿಮಿಷ ಚಹಾ” ಅಂತ ಎದ್ದುಬಿಡಿ.

ಬೇಕಂತಲೇ ಕೆಡಿಸುವವನು

ಜೊತೆಗಾರರ ಪಾತ್ರಗಳಿಗೇ ಚೂರಿ ಹಾಕಿ ನಗುವವನ ಮಾತು ಬೇರೆ. ಅವನ ಪಾತ್ರವನ್ನು ಆಟದೊಳಗೆ ಕೊಂದು ಸೇಡು ತೀರಿಸಿಕೊಂಡರೆ ಜಗಳ ಬೆಳೆಯುತ್ತದೆ ಅಷ್ಟೇ. ಮರುದಿನ ಪಾನ್ ಅಂಗಡಿ ಹತ್ತಿರ ಒಬ್ಬನೇ ಸಿಕ್ಕಾಗ ನೇರವಾಗಿ ಮಾತಾಡಿ.

ನಮ್ಮ ಸಣ್ಣವನು ಆ ಪೈಕಿ ಅಲ್ಲ. ಆದರೂ ನನಗೆ ನೆಮ್ಮದಿ ಇಲ್ಲ. ಪರಾಂಡಾದಿಂದ ಈ ತೋಪನ್ನು ತರುವಾಗ 400 ಎತ್ತು, 10 ಆನೆ ಕಟ್ಟಿದ್ದರು ಅಂತ ಹೇಳುತ್ತಾರಲ್ಲ, ಅದನ್ನು ಯಾರೋ ಅವನ ಕಿವಿಗೆ ಹಾಕಿದ್ದಾರೆ. ನಿನ್ನೆ ರಾತ್ರಿ ಫೋನ್ ಮಾಡಿದ್ದ: “ಅಣ್ಣಾ, ನಿನ್ನ ಕಥಿಯೊಳಗ ಎತ್ತಿನ ಸಂತಿ ಯಾವ ದಿನ ಇರ್ತೈತಿ?”